ಅರ್ಧ ಟವೆಲ್ಲಿನ ದೈವಾನೈ

ಚಿನ್ನಮನೂರಿನಿಂದ ಉತ್ತಮಪಾಳಯಂಗೆ ಹೋಗುವ ಟೌನ್ ಬಸ್ಸಿನಲ್ಲಿ ‘ಅಲೆತೋಟ’ ಅಂದರೆ ಸಾಕು, ಕಂಡಕ್ಟರು ಮರುಮಾತಾಡದೆ ಟಿಕೆಟ್ ಹರಿದು ಕೊಡುತ್ತಾನೆ. ಗೇಟಿನ ಮೇಲಿನ ಬೋರ್ಡಿನಲ್ಲಿ ಬೇರೇನೋ ಉದ್ದನೆಯ ಹೆಸರಿದೆ. ಅದನ್ನು ಬರೆದ ಪೇಂಟರು ಬಿಟ್ಟರೆ ಪೂರ್ತಿ ಓದಿದವರು ಇನ್ನೊಬ್ಬರಿಲ್ಲ. ಹಿಂದೆ ಅದು ವೇಲುಸಾಮಿ ಗೌಡರ ದ್ರಾಕ್ಷಿತೋಟವಾಗಿತ್ತು. ಗೌಡರು ಒಮ್ಮೆ ಮೊಮ್ಮಕ್ಕಳ ಕಾಟ ತಡೆಯಲಾರದೆ ದೂರದ ಊರಿನ ವಾಟರ್ ಪಾರ್ಕಿಗೆ ಹೋಗಿ, ಪಂಚೆ ಎತ್ತಿ ಕಟ್ಟಿ ಅಲೆಯಲ್ಲಿ ನಿಂತು, ಸಂಜೆ ಹೊರಬರುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದರು. ದ್ರಾಕ್ಷಿಗೆ ನೀರೂ ಬೇಕು, ಔಷಧಿಯೂ ಹೊಡೆಯಬೇಕು. ಮಕ್ಕಳಿಗೆ ಬರೀ ನೀರು ಸಾಕು. ಮರುವರ್ಷ ಚಪ್ಪರ ಕಿತ್ತು ಕೊಳ ತೋಡಿಸಿದರು. ಅಲೆ ಏಳುವ ಕೊಳ, ಜಾರುಬಂಡೆಗಳು, ಹೆಂಗಸರಿಗೆ ಗೋಡೆ ಕಟ್ಟಿದ ಬೇರೆ ಕೊಳ, ಅದರಲ್ಲಿ ಒಂದು ಜಲಪಾತ, ಒಳಗೆ ಬರುತ್ತಲೇ ಸೊಂಡಿಲಿನಿಂದ ನೀರು ಚಿಮ್ಮುವ ಒಂದು ಸಿಮೆಂಟಿನ ಆನೆ.

ಇದಿಷ್ಟು ಎಲ್ಲ ಪಾರ್ಕುಗಳಲ್ಲೂ ಇರುತ್ತದೆ. ಬೇರೆಲ್ಲೂ ಇಲ್ಲದ್ದು ಒಂದಿತ್ತು. ಹೊರಗೆ ಹೋಗುವ ಗೇಟಿನ ಪಕ್ಕದಲ್ಲಿ ಗೌಡರು ಹೆಂಚಿನ ಮಂಟಪವೊಂದನ್ನು ಕಟ್ಟಿಸಿ, ಕಲ್ಲುಬೆಂಚು ಹಾಕಿಸಿ, ಬಂದವರ ತಲೆ ಒರೆಸಲು ಆಳು ಇಟ್ಟಿದ್ದರು. ತಮಿಳು ಸೀಮೆಯ ಈ ಕಂಬಂ ಕಣಿವೆಯಲ್ಲಿ ಕನ್ನಡ ಆಡುವ ಮನೆಗಳಲ್ಲಿ ಹುಟ್ಟಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಉಳಿದವರು ಕೇಳಿದರೆ ಗೌಡರು ಹೇಳುತ್ತಿದ್ದರು: “ಒದ್ದೆ ತಲೇಲಿ ಜನ ಈಚೆ ಬರೋದು ಎಂತಾ ಮನೆಯಿಂದ? ಸಾವಾದ ಮನೆಯಿಂದ. ನನ್ ತೋಟದ ವಾಸಲು ಬಾಗ್ಲಲ್ಲಿ ಅದು ಆಗ್ಬಾರ್ದು.”

ಆ ತಲೆ ಒರೆಸುವ ಆಳೇ ದೈವಾನೈ. ಗಂಡ ಗಣೇಶನ್ ಬಾಳೆಗೊನೆಯ ಲಾರಿ ಓಡಿಸುವವನು, ವಾರದ ಅರ್ಧದಷ್ಟು ದಿನ ಕೇರಳದ ಘಾಟಿಯಲ್ಲೇ ಇರುತ್ತಿದ್ದ. ಒಬ್ಬಳೇ ಮಗಳು ಮುತ್ತುಸೆಲ್ವಿ ತೇನಿಯ ಸ್ಕ್ಯಾನ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ದೈವಾನೈಗೆ ತನ್ನ ಕೆಲಸದಲ್ಲಿ ತುಂಬ ಸುಖವಿತ್ತು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಜನ ಅವಳನ್ನು ಕಂಡು ಪಾಪ ಅನ್ನುತ್ತಿದ್ದರು, ಅವಳಿಗೆ ಅದು ಅರ್ಥವೇ ಆಗುತ್ತಿರಲಿಲ್ಲ. ದಿನವಿಡೀ ನೀರಾಡಿ ತುಟಿ ನೀಲಿಯಾದ ಮಕ್ಕಳು ಬಂದು ಮುಂದೆ ನಿಲ್ಲುತ್ತವೆ. ದೊಡ್ಡ ಬಿಳಿ ಟವೆಲ್ಲನ್ನು ತಲೆಯ ಮೇಲೆ ಹೊದಿಸಿ ತಿಕ್ಕುವಾಗ ಒಳಗಿನಿಂದ ನಗು ಕೇಳುತ್ತದೆ. ಹೆಂಗಸರು ಕೆಂಡದ ಮೇಲೆ ಬೋರಲು ಹಾಕಿದ ಬಿದಿರು ಬುಟ್ಟಿಗೆ ಕೂದಲು ಹರಡಿ ಸಾಂಬ್ರಾಣಿ ಹೊಗೆಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಅಲ್ಲಿ ಕೂತ ಹೆಂಗಸರು ಆಡದ ಮಾತಿಲ್ಲ. ಕಣಿವೆಯ ಅರ್ಧ ಸಂಸಾರಗಳ ಕಥೆ ಆ ಬುಟ್ಟಿಯ ಸುತ್ತ ಅವಳಿಗೆ ಗೊತ್ತಾಗುತ್ತಿತ್ತು, ಉಳಿದರ್ಧವನ್ನು ಅವಳು ಊಹಿಸಿಕೊಳ್ಳುತ್ತಿದ್ದಳು.

ಇಷ್ಟು ಒಳ್ಳೆಯ ಹೆಂಗಸಿಗೆ ದೇವರು ಒಂದು ಚಟವನ್ನೂ ಕೊಟ್ಟಿದ್ದ. ಅದು ಉಳಿಸುವ ಚಟ. ತೀರಿದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವುದು ಎಲ್ಲರೂ ಮಾಡುವ ಕೆಲಸ. ದೈವಾನೈ ಮನೆಯ ಸೋಪಿಗೆ ಎಷ್ಟು ತಲೆಮಾರಿನ ಚೂರುಗಳು ಅಂಟಿದ್ದವೆಂದರೆ ಅದು ಹುಟ್ಟಿದ್ದು ಯಾವ ಬಣ್ಣದಲ್ಲಿ ಎಂದು ಯಾರಿಗೂ ನೆನಪಿರಲಿಲ್ಲ. ನೆಂಟರು ಬಂದರೆ ಕಾಫಿ ಕೊಡುವಳು, ಲೋಟ ಮಾತ್ರ ಚಿಕ್ಕದು. ಗಂಡನ ಹಳೆಯ ಲುಂಗಿ ಮೊದಲು ದಿಂಬಿನ ಚೀಲವಾಗಿ, ಆಮೇಲೆ ಮಸಿಬಟ್ಟೆಯಾಗಿ, ಕಡೆಗೆ ದೀಪದ ಬತ್ತಿಯಾಗಿ ಮೋಕ್ಷ ಕಾಣುತ್ತಿತ್ತು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಅನ್ನುವ ಗಾದೆಯನ್ನು ಅವಳು ಬಾಯಲ್ಲಿ ಆಡುತ್ತಿರಲಿಲ್ಲ, ಬಾಳುತ್ತಿದ್ದಳು. ಹಾಗೆಯೇ ಮನೆ ಕಟ್ಟಿದರು, ಮಗಳನ್ನು ಓದಿಸಿದರು. ಆದ್ದರಿಂದ ಅವಳನ್ನು ನೋಡಿ ನಗುವ ಹಕ್ಕು ಗಣೇಶನ್‌ಗೂ ಇರಲಿಲ್ಲ.

ಗೌಡರಿಗೆ ಮಂಡಿ ನೋವು ಹೆಚ್ಚಾದ ಮೇಲೆ ಪಾರ್ಕು ಮಗ ತಮಿಳ್‌ಸೆಲ್ವನ್ ಕೈಗೆ ಬಂತು. ಹುಡುಗ ಒಳ್ಳೆಯವನು, ಯಾರನ್ನೂ ಗದರಿದವನಲ್ಲ. ಆದರೆ ಕರೆಂಟು ದುಬಾರಿಯಾಗಿತ್ತು, ದಿಂಡಿಗಲ್ ಕಡೆ ಹೊಸ ಹೊಸ ಪಾರ್ಕುಗಳು ಎದ್ದಿದ್ದವು. ಅವನು ಎಲ್ಲರನ್ನೂ ಆನೆಯ ಮುಂದೆ ಕೂರಿಸಿ, ಅರ್ಧ ತಮಿಳು ಅರ್ಧ ಮನೆಮಾತಿನಲ್ಲಿ ಒಂದು ಮಾತು ಕೇಳಿದ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಬದಲಿಗೆ ನಿಮ್ಮ ನಿಮ್ಮ ಕೆಲಸದಲ್ಲಿ ಏನೇನು ಮಿಚ್ಚ ಮಾಡಬಹುದು, ಏನೇನು ಉಳಿಸಬಹುದು, ನೀವೇ ಹೇಳಿ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೈವಾನೈ ಈ ಪ್ರಶ್ನೆಗಾಗಿ ಹುಟ್ಟಿದಾಗಿನಿಂದ ಕಾದು ಕೂತಿದ್ದಳು.

“ತಂಬಿ, ಟವೆಲ್ಲು ಅಷ್ಟು ದೊಡ್ದು ಯಾತಕ್ಕೆ? ಒಂದು ತಲೆಗೆ ಅರ್ಧ ಸಾಕು,” ಅಂದಳು. ಆ ರಾತ್ರಿಯೇ ಟವೆಲ್ಲುಗಳನ್ನು ಮನೆಗೆ ಹೊತ್ತು ಹೋಗಿ, ನಡುವೆ ಹರಿದು, ಎರಡು ಅಂಚಿಗೂ ತನ್ನ ಹೊಲಿಗೆ ಮಿಷನ್ನಿನಲ್ಲಿ ಹೊಲಿಗೆ ಹಾಕಿದಳು. ಕೂಲಿ ಕೇಳಲಿಲ್ಲ. ಯಾರೂ ದೂರಲಿಲ್ಲ, ಒಗೆಯುವ ಖರ್ಚು ಅರ್ಧಕ್ಕೆ ಇಳಿಯಿತು. ತಮಿಳ್‌ಸೆಲ್ವನ್ ಎಲ್ಲರೆದುರಿಗೆ ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟು, “ಸೂಪರ್ ಅಕ್ಕಾ” ಅಂದ. ಆ ಗಡಿಯಾರವನ್ನು ಅವಳು ಹೊರಬಾಗಿಲಿಗೆ ಎದುರಾಗಿಯೇ ತೂಗುಹಾಕಿದಳು, ಒಳಬಂದವರು ನೋಡಿ ಕೇಳಲಿ ಎಂದು.

ಹೊಗಳಿಕೆಯ ರುಚಿ ಹತ್ತಿದರೆ ಬಿಡುವುದು ಕಷ್ಟ. ಸಾಂಬ್ರಾಣಿ ಹೊಗೆ ಭಾನುವಾರ ಮಾತ್ರ ಸಾಕು ಅಂದಳು, ವಾರದ ದಿನ ಬರುವವರು ಆತುರದಲ್ಲಿರುತ್ತಾರೆ. ಬಂದವರಿಗೆ ಕೊಡುವ ಮಜ್ಜಿಗೆಗೆ ಶುಂಠಿ ಜೀರಿಗೆ ಯಾಕೆ, ಚಿಕ್ಕ ಮಕ್ಕಳು ಉಗಿಯುತ್ತವೆ. ಆಮೇಲೆ ಅದೇ ಮಜ್ಜಿಗೆಗೆ ಇನ್ನೊಂದಿಷ್ಟು ನೀರು. ಆನೆ ಯಾರೂ ಇಲ್ಲದಾಗ ಸುಮ್ಮನೆ ನೀರುಗುಳುತ್ತಿದೆಯಲ್ಲ ಅಂದಳು. ಆನೆಗೆ ರಜಾ ದಿನಗಳಲ್ಲಿ ಮಾತ್ರ ನೀರು ಎಂದಾಯಿತು. ಹೆಂಗಸರ ಕೊಳದ ಜಲಪಾತವನ್ನು ನಡುನಡುವೆ ನಿಲ್ಲಿಸಿದರೆ ಕರೆಂಟು ಉಳಿಯುತ್ತದೆ ಅಂದಳು, ಅದೂ ಆಯಿತು. ಮರದಡಿಯ ಬೆಂಚುಗಳ ಮೇಲೆ ಜನ ಗಂಟೆಗಟ್ಟಲೆ ಕೂತು ಕಡಲೆಕಾಯಿ ಸಿಪ್ಪೆ ಉದುರಿಸುತ್ತಾರೆ, ಗುಡಿಸುವವರ ಸೊಂಟ ಬಿದ್ದುಹೋಗುತ್ತದೆ ಅಂದಳು. ಬೆಂಚುಗಳು ಗೋದಾಮು ಸೇರಿದವು. ಹೊರಹೋಗುವ ಗೇಟಿನ ಕಾವಲುಗಾರ ಶರವಣನ್ ನಿದ್ದೆ ಹೊಡೆಯುವುದನ್ನು ಅವಳೇ ನಗೆಯಾಡುತ್ತ ಹೇಳಿದ್ದಳು. ಅವನನ್ನು ವಾಹನ ನಿಲ್ಲಿಸುವ ಕಡೆ ಹಾಕಿ, ಆ ಗೇಟಿಗೆ ಬೀಗ ಜಡಿದು, ಬರುವವರಿಗೂ ಹೋಗುವವರಿಗೂ ಒಂದೇ ಗೇಟು ಮಾಡಿದರು. ಕೊನೆಗೆ ಅವಳು ತನ್ನ ರಜೆಯ ದಿನ ಬದಲಿ ಆಳು ಇಡುವುದೂ ದಂಡ ಅಂದುಬಿಟ್ಟಳು. ಬುಟ್ಟಿಯಲ್ಲಿ ಟವೆಲ್ಲಿಟ್ಟರೆ ಅವರವರೇ ಒರೆಸಿಕೊಳ್ಳುತ್ತಾರೆ.

ಒಂದೊಂದನ್ನೇ ತೆಗೆದುಕೊಂಡರೆ ಎಲ್ಲವೂ ಸರಿಯಾದ ಮಾತೇ. ಜೀರಿಗೆ ಇಲ್ಲವೆಂದು ಯಾರು ಬಸ್ಸು ಹತ್ತಿ ವಾಪಸು ಹೋಗುತ್ತಾರೆ? ದೈವಾನೈ ಕೆಲಸಕ್ಕೆ ಬರುವುದು ಅಡುಗೆಮನೆಯ ಹಿಂದಿನ ಸಣ್ಣ ಬಾಗಿಲಿನಿಂದ, ನಿಲ್ಲುವುದು ಮಂಟಪದೊಳಗೆ. ಅಲ್ಲಿಂದ ಅವಳಿಗೆ ಕಾಣುವುದು ಮುಂದಿರುವ ತಲೆಯೊಂದೇ. ಹೊರಗಿನಿಂದ ತೋಟ ಹೇಗೆ ಕಾಣುತ್ತದೆಂದು ಅವಳು ನೋಡಿ ವರ್ಷಗಳಾಗಿದ್ದವು.

ಗೌಡರು ಒಂದು ಸಂಜೆ ಬೇವಿನ ಕೆಳಗೆ ಗಾಲಿಕುರ್ಚಿಯಲ್ಲಿ ಕೂತು ಮಜ್ಜಿಗೆ ತರಿಸಿಕೊಂಡು ಕುಡಿದರು. ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. “ಏನ್ ದೈವಾನೆ, ಲೋಟದಾಚೆ ಬೆಟ್ಟ ಕಾಣ್ತೈತಲ್ಲ.”

“ಬಿಸ್ಲು ಜಾಸ್ತಿ ಅಯ್ಯಾ. ನೀರೇ ಒಳ್ಳೇದು.”

“ಅಡಿಕೆಗೆ ಓದ ಮಾನ ಆನೆ ಕೊಟ್ರೂ ಬಾರ್ದು ತಾಯಿ,” ಎಂದು ಹಕಾರ ನುಂಗುವ ಕಣಿವೆಯ ಕನ್ನಡದಲ್ಲಿ ಹೇಳಿ ಗೌಡರು ಲೋಟ ವಾಪಸು ಕೊಟ್ಟರು. ಮುದುಕರಿಗೆ ಗಾದೆ ಹೇಳುವುದು ಒಂದು ಚಾಳಿ ಎಂದುಕೊಂಡು ಅವಳು ಲೋಟ ತೊಳೆದಿಟ್ಟಳು.

ಆ ವರ್ಷ ಮುತ್ತುಸೆಲ್ವಿಗೆ ಚಿನ್ನಾಳಪಟ್ಟಿಯಿಂದ ಸಂಬಂಧ ಬಂತು. ಹುಡುಗ ಕಾರ್ತಿಕೇಯನ್, ಸೀರೆ ವ್ಯಾಪಾರದವನು, ಅವರೂ ಮನೆಯಲ್ಲಿ ಕನ್ನಡ ಆಡುವ ಜನ. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿ ಮೂಕಮ್ಮಾಳ್‌ದು, ಮತ್ತು ಮೂಕಮ್ಮಾಳ್ ಕೊನೆಯ ಮಾತನ್ನು ಬಾಯಲ್ಲಿ ಹೇಳುವವಳಲ್ಲ. ಎರಡು ಮನೆತನಕ್ಕೂ ಒಂದು ಹಳೆಯ ರೂಢಿಯಿತ್ತು. ಹುಡುಗನ ಕಡೆಯ ಹಿರಿಯ ಹೆಂಗಸು ಬಂದ ದಿನ ಹುಡುಗಿ ಎಣ್ಣೆಸ್ನಾನ ಮಾಡಿ ಒದ್ದೆ ತಲೆಯಲ್ಲಿ ಅವಳ ಮುಂದೆ ಬಂದು ಕೂರಬೇಕು. ಒಪ್ಪಿಗೆಯಾದರೆ ಹಿರಿಯಳು ತಾನೇ ಆ ತಲೆ ಒರೆಸುತ್ತಾಳೆ. ಇಲ್ಲವಾದರೆ ಬಟ್ಟೆಯನ್ನು ಹುಡುಗಿಯ ಕೈಗೆ ಕೊಟ್ಟು “ಒರೆಸ್ಕೋ ತಾಯಿ” ಅನ್ನುತ್ತಾಳೆ. ಅಷ್ಟೇ. ಜಗಳವಿಲ್ಲ, ಅವಮಾನವಿಲ್ಲ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ದೈವಾನೈಯ ತಲೆಯನ್ನು ಅವಳ ಅತ್ತೆ ಒರೆಸಿದ್ದು ಇಂದಿಗೂ ಅವಳಿಗೆ ನೆನಪಿದೆ. ಅತ್ತೆಯ ಕೈ ಒರಟು, ಕಿವಿ ಉರಿದುಹೋಗಿತ್ತು, ಅವಳಿಗೆ ಅಳು ಬರುವಷ್ಟು ಸಂತೋಷವಾಗಿತ್ತು.

ಮಗಳಿಗೆ ಹುಡುಗ ಮನಸ್ಸಿಗೆ ಬಂದಿದ್ದಾನೆಂದು ದೈವಾನೈಗೆ ಗೊತ್ತಿತ್ತು. ಫೋನು ಬಂದಾಗ ಮಹಡಿ ಮೆಟ್ಟಿಲು ಹತ್ತುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಆಡಿ ತಿಂಗಳು ಹುಟ್ಟಿದರೆ ಶುಭದ ಮಾತು ಆಡುವಂತಿಲ್ಲ, ಅದರ ಹಿಂದಿನ ಆನಿ ತಿಂಗಳು ಮುಗಿಯುವುದರೊಳಗೆ ಅಜ್ಜಿ ಬರಬೇಕು. ಇಷ್ಟು ದೊಡ್ಡ ವಿಷಯದಲ್ಲೂ ಅವಳ ಚಟ ಸುಮ್ಮನಿರಲಿಲ್ಲ. ಮನೆಗೆ ಕರೆದರೆ ವ್ಯಾನು ತುಂಬ ಜನ, ಅಡುಗೆಯವನು, ಶಾಮಿಯಾನ. ತೋಟದಲ್ಲಾದರೆ ಕೆಲಸದವರ ಮನೆಮಂದಿಗೆ ಪಾಸು ಇದೆ, ಕ್ಯಾಂಟೀನಿದೆ, ಹೆಂಗಸರ ಕೊಳವಿದೆ, ತಲೆ ಒರೆಸುವುದಕ್ಕೆ ಮಂಟಪವೇ ಇದೆ.

“ಅಮ್ಮಾ, ಇದನ್ನ ಓಗಿ ಓಗಿ ಪಾರ್ಕಲ್ಲಾ ಮಾಡೋದು?” ಎಂದು ಮುತ್ತುಸೆಲ್ವಿ ತಲೆ ಚಚ್ಚಿಕೊಂಡಳು.

“ಸೋಮವಾರ ಜನ ಇರಾದಿಲ್ಲೆ. ನಿನ್ ಅತ್ತೆಮನೆಯೋರು ಇಂತಾ ಮಂಟಪ ಎಲ್ಲಿ ಕಂಡಿದಾರು?” ಅಂದಳು ದೈವಾನೈ. ಮಂಟಪದ ಬಗ್ಗೆ ಅವಳಿಗಿದ್ದ ಹೆಮ್ಮೆ ನಿಜವಾದದ್ದು, ಉಳಿತಾಯದ ನೆಪವಷ್ಟೇ ಅಲ್ಲ. ಚಿನ್ನಾಳಪಟ್ಟಿಯಿಂದ ಮೂಕಮ್ಮಾಳ್ ಹೇಳಿಕಳಿಸಿದ್ದು ಒಂದೇ ಮಾತು: ನೀರಿದ್ದರೆ ಸರಿ.

ಸೋಮವಾರ ದೈವಾನೈ ರಜೆ ಹಾಕಿ, ಮದುವೆಗಳಿಗೆ ಮಾತ್ರ ತೆಗೆಯುವ ರೇಷ್ಮೆ ಸೀರೆ ಉಟ್ಟು, ಮಗಳ ಜೊತೆ ಚಿನ್ನಮನೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವರ ವ್ಯಾನು ಹತ್ತಿದಳು. ಮುಂದಿನ ಸೀಟಿನಲ್ಲಿ ಮೂಕಮ್ಮಾಳ್, ಹಿಂದೆ ಇಬ್ಬರು ಸೊಸೆಯರು. ಗಂಡಸರು ಗಣೇಶನ್ ಜೊತೆ ಇನ್ನೊಂದು ಗಾಡಿಯಲ್ಲಿ ಬಂದು ಅಲೆಯ ಕೊಳದ ಕಡೆ ಇರುವವರಿದ್ದರು. ಮೂಕಮ್ಮಾಳ್ ತೆಳ್ಳನೆಯ ಉದ್ದನೆಯ ಹೆಂಗಸು, ಚಿನ್ನಾಳಪಟ್ಟಿಯದೇ ಕಂದುಬಣ್ಣದ ಹತ್ತಿಸೀರೆ, ಮೂಗಿನ ಎರಡೂ ಕಡೆ ನತ್ತು. ದಾರಿಯಲ್ಲಿ ಕುಚ್ಚನೂರಿನ ಶನೀಶ್ವರನಿಗೆ ಎಣ್ಣೆ ಸುರಿದು ಬಂದದ್ದರಿಂದ ತಡವಾಗಿತ್ತು. ಹೀಗಾಗಿ ವ್ಯಾನು ಅಲೆತೋಟ ತಲುಪಿದಾಗ ನೆತ್ತಿಯ ಮೇಲೆ ಸೂರ್ಯ, ಅರ್ಧ ದಿನದ ಟಿಕೆಟಿನವರು ಹೊರಡುವ ಹೊತ್ತು.

ಬೋಡಿ ಕಡೆಯ ಯಾವುದೋ ಟ್ಯೂಷನ್ನಿನ ಮಕ್ಕಳು ಅಂದು ಬಂದಿದ್ದರು. ಇದ್ದ ಒಂದೇ ಗೇಟಿನಿಂದ ಅವರು ಸಾಲಾಗಿ ಹೊರಬರುತ್ತಿದ್ದರು. ಎಲ್ಲರ ತಲೆಯಿಂದಲೂ ನೀರು ಸುರಿಯುತ್ತಿತ್ತು. ಘಾಟಿಯಿಂದ ಬೀಸುವ ಆನಿ ತಿಂಗಳ ಗಾಳಿಗೆ ಮೈ ನಡುಗಿ, ಮುಖ ಬಾಡಿ, ಮಾತಿಲ್ಲದೆ ತಲೆ ತಗ್ಗಿಸಿ ನಡೆಯುತ್ತಿದ್ದರು. ಮಂಟಪದಲ್ಲಿ ಅಂದು ಯಾರೂ ಇರಲಿಲ್ಲ, ಬುಟ್ಟಿಯಲ್ಲಿದ್ದ ಅರ್ಧ ಟವೆಲ್ಲುಗಳು ಮೊದಲ ಸಾಲಿಗೇ ತೊಯ್ದು ಮುಗಿದಿದ್ದವು.

ಡ್ರೈವರು ಗೇಟಿನತ್ತ ತಿರುಗಿಸಲು ಹೋದಾಗ ಮೂಕಮ್ಮಾಳ್ ಕೈ ಎತ್ತಿದಳು. “ನಿಲ್ಸಪ್ಪಾ. ಎದುರಿಗೆ ಒದ್ದೆ ತಲೆ.” ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿ, “ಯಾರ್ ಓಗ್ಬಿಟ್ರು?” ಎಂದು ಕೇಳಿದಳು. ಅವಳು ತಮಾಷೆಗೆ ಕೇಳಿದಳೋ ನಿಜಕ್ಕೆ ಕೇಳಿದಳೋ ಮುಖದಲ್ಲಿ ಗೊತ್ತಾಗಲಿಲ್ಲ. ಅಪಶಕುನವಾದರೆ ಕೂತು ನೀರು ಕುಡಿದು, ಅದು ದಾಟಿ ಹೋದ ಮೇಲೆ ಹೊರಡಬೇಕು. ಎಲ್ಲರೂ ನೀರು ಕುಡಿದರು. ಸಾಲು ಮುಗಿಯಲಿಲ್ಲ. ಮತ್ತೆ ಕುಡಿದರು. ವ್ಯಾನಿನ ತಗಡು ಕಾಯತೊಡಗಿತು. ದೈವಾನೈ ಮಾತ್ರ ನೀರು ಬಾಯಲ್ಲಿಟ್ಟುಕೊಂಡೇ ಕೂತಿದ್ದಳು. ಬರುವವರಿಗೆ ಹೋಗುವವರ ಒದ್ದೆ ತಲೆ ಎದುರಾಗದಿರಲಿ ಎಂದೇ ಗೌಡರು ಎರಡು ಗೇಟು ಮಾಡಿಸಿದ್ದರೆಂಬುದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಮರೆತಿದ್ದಳು, ಅದೇ ಅವಳನ್ನು ತಿನ್ನುತ್ತಿತ್ತು.

ಕೊನೆಗೂ ಒಳಗೆ ಕಾಲಿಟ್ಟರು. ಅಲ್ಲಿಂದ ಮುಂದೆ ದೈವಾನೈ ಉಳಿಸಿಟ್ಟದ್ದೆಲ್ಲ ಒಂದರ ಹಿಂದೆ ಒಂದು ಅವಳನ್ನು ಎದುರುಗೊಳ್ಳುತ್ತ ಬಂತು. ಮೊದಲು ಆನೆ. “ನೀರು ಬಿಡೋ ಆನೆ ಅಂತ ಎಣ್ಣು ಪೋನಲ್ಲಿ ಏಳಿತ್ತಲ್ಲ, ಇದೇನಾ?” ಎಂದು ಮೂಕಮ್ಮಾಳ್ ಅದರ ಒಣ ಸೊಂಡಿಲನ್ನು ಮುಟ್ಟಿ ನೋಡಿದಳು. “ಸೋಮವಾರ ಅದಕ್ಕೆ ಉಪವಾಸ ಅತ್ತೆ,” ಅಂದಳು ದೈವಾನೈ, ತೋಚಿದ್ದನ್ನು. ಆಮೇಲೆ ಅಜ್ಜಿಯ ಮಂಡಿ ಕೂರಲು ಜಾಗ ಕೇಳಿತು. ಮರವಿತ್ತು, ನೆರಳಿತ್ತು, ಬೆಂಚಿರಲಿಲ್ಲ. ಒಬ್ಬ ಸೊಸೆ ನೆಲದ ಮೇಲೆ ಸೆರಗು ಹಾಸಿದಳು. ಮಜ್ಜಿಗೆ ಬಂತು. ಮೂಕಮ್ಮಾಳ್ ಒಂದು ಗುಟುಕು ಕುಡಿದು ಸೊಸೆಗೆ ದಾಟಿಸಿ, “ಮಜ್ಜಿಗೆ ಕಡೆದ ಕೈ ತೊಳೆದ ನೀರೂ ಇದಕ್ಕಿಂತ ಬೆಳ್ಳಗಿರ್ತದೆ,” ಅಂದಳು. ಸಿಟ್ಟಿನಿಂದಲ್ಲ, ಹವಾಮಾನ ಹೇಳಿದ ಹಾಗೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಆ ಕ್ಷಣಕ್ಕೆ ದೈವಾನೈಯ ತಲೆಗೆ ಬಂತು. ಆ ಪೂಜಾರಿ ತಾನೇ ಎಂದು ತಿಳಿದು ಅವಳಿಗೆ ರೇಷ್ಮೆ ಸೀರೆಯೊಳಗೆ ಬೆವರಿತು.

ಹೆಂಗಸರ ಕೊಳದಲ್ಲಿ ಮಾತ್ರ ಸ್ವಲ್ಪ ಬಿಡುವು ಸಿಕ್ಕಿತು. ಜಲಪಾತ ಕಂಡದ್ದೇ ಮೂಕಮ್ಮಾಳ್ ವಯಸ್ಸು ಮರೆತಳು. ಸೀರೆ ಎತ್ತಿ ಸಿಕ್ಕಿಸಿ ನೀರಿನ ಕೆಳಗೆ ಹೋಗಿ ನಿಂತವಳು ಸೊಸೆಯರನ್ನು ಎಳೆದಳು, ಮುತ್ತುಸೆಲ್ವಿಯನ್ನು ಎಳೆದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದೇ ಹೊತ್ತಿಗೆ ಕರೆಂಟು ಉಳಿಸುವ ಸಮಯವಾಗಿ ಮೋಟರು ನಿಂತಿತು. ಅಜ್ಜಿ ಬರಿಗೋಡೆಯ ಕೆಳಗೆ ಎರಡೂ ಕೈ ಮೇಲೆತ್ತಿ, ಪ್ರಸಾದಕ್ಕೆ ನಿಂತವಳ ಹಾಗೆ ಕಾದಳು. “ಬರ್ತದೆ ಅತ್ತೆ, ಬರ್ತದೆ,” ಅನ್ನುತ್ತ ದೈವಾನೈ ಮೋಟರು ಕೋಣೆಗೆ ಓಡಿ, ಅಲ್ಲಿದ್ದವನನ್ನು ಬೈದು, ಸ್ವಿಚ್ಚನ್ನು ತಾನೇ ಒತ್ತಿದಳು. ಈ ಉಳಿತಾಯ ಯಾರದೆಂದು ಅವನು ನೆನಪಿಸಲು ಬಾಯಿ ತೆರೆದವನು, ಅವಳ ಮುಖ ನೋಡಿ ಮುಚ್ಚಿಕೊಂಡ.

ಸಂಜೆಗೆ ಒಣ ಸೀರೆ ಉಟ್ಟು ಮಂಟಪಕ್ಕೆ ಬಂದರು. ಕಲ್ಲುಬೆಂಚು ಅಲ್ಲಾದರೂ ಉಳಿದಿತ್ತು. ಮೂಕಮ್ಮಾಳ್ ಕೂತಳು. ಮುತ್ತುಸೆಲ್ವಿ ಅವಳ ಕಾಲ ಬಳಿ ಬೆನ್ನು ಕೊಟ್ಟು ಕೂತು ಕೂದಲು ಬಿಚ್ಚಿದಳು. ಸೊಂಟ ದಾಟುವ ಕೂದಲು, ಬೆಳಿಗ್ಗೆಯೇ ಎಣ್ಣೆ ಹಚ್ಚಿ ಸೀಗೆ ಹಾಕಿದ್ದು, ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕೆಂಡವಿರಲಿಲ್ಲ, ಹೊಗೆಯಿರಲಿಲ್ಲ, ಭಾನುವಾರವಲ್ಲವಲ್ಲ. ದೈವಾನೈ ಒಣಗಿದ್ದೊಂದು ಅರ್ಧ ಟವೆಲ್ಲನ್ನು ಹುಡುಕಿ ತಂದು ಎರಡೂ ಕೈಯಲ್ಲಿ ಅಜ್ಜಿಗೆ ಕೊಟ್ಟಳು. ಮಗಳ ಕತ್ತಿನ ಹಿಂಬದಿ ಬಿಗಿದದ್ದು ಅವಳಿಗೆ ಕಾಣುತ್ತಿತ್ತು.

ಮೂಕಮ್ಮಾಳ್ ಟವೆಲ್ಲು ಬಿಡಿಸಿದಳು. ಬಿಡಿಸಲು ಇನ್ನೂ ಇದೆಯೆಂದುಕೊಂಡು ಇನ್ನೊಮ್ಮೆ ಜಾಡಿಸಿದಳು. ತಲೆಯ ಮೇಲೆ ಹಾಕಿದರೆ ನೆತ್ತಿ ಮುಚ್ಚಿತು, ಕಿವಿ ಮುಚ್ಚಲಿಲ್ಲ. ಕೂದಲ ತುದಿಯನ್ನು ಒಮ್ಮೆ ಹಿಂಡಿದಳು ಅಷ್ಟೇ, ಬಟ್ಟೆ ತೊಯ್ದು ಹೋಯಿತು. ಅವಳು ಅದನ್ನು ಮಡಿಸಿ, ಕೈ ಚಾಚಿ, ಮುತ್ತುಸೆಲ್ವಿಯ ಪಕ್ಕದಲ್ಲಿ ಬೆಂಚಿನ ಮೇಲಿಟ್ಟಳು.

ಮುತ್ತುಸೆಲ್ವಿಯ ಕೈ ತಾನಾಗಿ ಬೆಂಚಿನ ಕಡೆ ಸರಿಯಿತು, ಬಟ್ಟೆ ಎತ್ತಿಕೊಂಡು ತಾನೇ ಒರೆಸಿಕೊಳ್ಳಲು. ಎಷ್ಟೋ ಮಕ್ಕಳ ತಲೆ ಒರೆಸಿದ ಈ ಮಂಟಪದಲ್ಲಿ ನನ್ನ ಮಗಳ ತಲೆಯೊಂದು ಒದ್ದೆಯಾಗಿ ಹೋಗುತ್ತದೆ, ಅದಕ್ಕೆ ಕಾರಣ ನಾನು ಹರಿದ ಬಟ್ಟೆ, ಎಂದು ದೈವಾನೈಗೆ ಅನಿಸಿತು. ಮದುವೆ ಮುರಿದರೆ ಅಳಬಹುದು. ಇದಕ್ಕೆ ಅಳುವ ಹಕ್ಕೂ ತನಗಿಲ್ಲ.

“ಯಾರ್ ಅರ್ದಿದ್ದು ಇದ?” ಎಂದು ಮೂಕಮ್ಮಾಳ್ ಕೇಳಿದಳು. ಟವೆಲ್ಲಿನ ಅಂಚಿನ ಹೊಲಿಗೆಯನ್ನು ಅವಳು ನೋಡಿದ್ದಳು. ಬಟ್ಟೆಯ ಊರಿನ ಕಣ್ಣು.

ಮೊದಲಾಳಿ ಗೌಡರ ಮಗ ಅನ್ನಬಹುದಿತ್ತು. ಅಂದರೆ ನಂಬುತ್ತಿದ್ದರು ಕೂಡ. “ನಾನೇ ಅತ್ತೆ,” ಅಂದಳು ದೈವಾನೈ. “ಆನೆ ನಿಲ್ಲಿಸ್ದೋಳೂ ನಾನೇ. ಬೆಂಚು ತೆಗ್ಸಿದ್ದೂ, ಮಜ್ಜಿಗೇಗೆ ನೀರು ಉಯ್ಸಿದ್ದೂ. ಆ ಗೇಟು ಮುಚ್ಸಿದ್ದೂ ನನ್ ಬಾಯೇ. ಎಣ್ಣುಮಗೂಗೆ ಇದರಲ್ಲಿ ಏನೂ ಇಲ್ಲೆ.”

ಮೂಕಮ್ಮಾಳ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮುತ್ತುಸೆಲ್ವಿಯ ಚಾಚಿದ ಕೈಯನ್ನು ಮೆಲ್ಲನೆ ಸರಿಸಿ, ತನ್ನ ಹೆಗಲ ಮೇಲಿನ ಸೆರಗನ್ನು ಎಳೆದು ಬಿಚ್ಚಿ, ಹುಡುಗಿಯ ತಲೆಯನ್ನು ಅದರಲ್ಲಿ ಪೂರ್ತಿ ಸುತ್ತಿದಳು. ಆ ಸೀರೆಗೆ ಅಳತೆಯ ಬರವಿರಲಿಲ್ಲ. ನೆತ್ತಿ ಒರೆಸಿದಳು, ಕಿವಿಯ ಹಿಂದೆ ಒರೆಸಿದಳು, ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಒರೆಸಿದಳು. ಅವಳ ಕೈಯೂ ಒರಟೇ. “ಅವ್ವಾ, ಕಿವಿ,” ಎಂದಿತು ಸೆರಗಿನೊಳಗಿನಿಂದ ಮುತ್ತುಸೆಲ್ವಿಯ ದನಿ, ಅಳುವಿನಂಥ ನಗುವಿನಲ್ಲಿ.

“ಉಳ್ಸೋ ಮನೆಯ ಎಣ್ಣು ಬೇಕು ಅಂತಾನೇ ನಾನು ಏಳಿದ್ದು,” ಅಂದಳು ಮೂಕಮ್ಮಾಳ್, ಒರೆಸುತ್ತಲೇ, ದೈವಾನೈಯ ಕಡೆ ನೋಡದೆ. “ನಿಮ್ ಸೋಪಿನ ಕತೆ ಎಣ್ಣು ಪೋನಲ್ಲಿ ಏಳಿತ್ತು. ನಮ್ ಮನೇಲೂ ಒಂದು ಸೋಪು ಐತೆ, ನನ್ ಮದುವೆಯಲ್ಲಿ ತಂದಿದ್ದು. ಆದ್ರೆ ತಾಯಿ, ನಿನ್ ತಲೇಲಿ ಅರ್ಧ ಒರೆಸ್ಕೋ. ಬಂದೋರ ತಲೇಲಿ ಅರ್ಧ ಬಿಡ್ಬಾರ್ದು.”

ದೈವಾನೈ ತಲೆಯಾಡಿಸಿದಳು. ಮಾತಿಗೆ ಬಾಯಿ ತೆರೆದರೆ ಅಳು ಬರುವ ಹಾಗಿತ್ತು, ನೆಂಟರೆದುರು ಅದೂ ದಂಡವೇ.

ಮರುದಿನ ಅವಳು ತಮಿಳ್‌ಸೆಲ್ವನ್ ಕೋಣೆಗೆ ಹೋಗಿ ಗೋಡೆ ಗಡಿಯಾರವನ್ನು ಮೇಜಿನ ಮೇಲಿಟ್ಟು, ನಿನ್ನೆ ತಾನು ಪಾರ್ಕಿಗೆ ಬಂದ ಕಥೆಯನ್ನು ಗೇಟಿನಿಂದ ಶುರುಮಾಡಿ ಹೇಳಿದಳು. ಅವನು ಮೊದಲು ನಕ್ಕ, ಆಮೇಲೆ ನಗು ಬಿಟ್ಟ. ಈಚೆಗೆ ಒಮ್ಮೆ ಬಂದವರು ಎರಡನೇ ಸಲ ಬರುತ್ತಿಲ್ಲವೆಂದು ಅವನಿಗೂ ಗೊತ್ತಿತ್ತು, ಯಾಕೆಂದು ಯಾರೂ ಹೇಳಿರಲಿಲ್ಲ. ಮಜ್ಜಿಗೆ ಸರಿಯಿಲ್ಲವೆಂದು ಯಾರು ಮೊದಲಾಳಿಯ ಬಾಗಿಲು ತಟ್ಟುತ್ತಾರೆ, ಸುಮ್ಮನೆ ಬೇರೆ ಬಸ್ಸು ಹತ್ತುತ್ತಾರೆ. ಗಡಿಯಾರವನ್ನು ಅವನು ಅವಳ ಕೈಗೇ ವಾಪಸು ಕೊಟ್ಟ. ಎಲ್ಲವನ್ನೂ ಹಿಂದಿನಂತೆ ಮಾಡುವುದು ಅವನಿಂದಾಗಲಿಲ್ಲ. ಆನೆಗೆ ಈಗಲೂ ವಾರದ ದಿನ ಉಪವಾಸ, ಜಲಪಾತ ಈಗಲೂ ನಡುನಡುವೆ ನಿಲ್ಲುತ್ತದೆ. ಆದರೆ ಬೆಂಚುಗಳು ಮರದಡಿಗೆ ಬಂದವು, ಮಜ್ಜಿಗೆಗೆ ಜೀರಿಗೆ ಬಂತು. ಶರವಣನ್ ತನ್ನ ಹಳೆಯ ಗೇಟಿಗೆ ಬಂದು ಹಳೆಯ ನಿದ್ದೆ ಮುಂದುವರಿಸಿದ. ಗೌಡರ ಗಾಲಿಕುರ್ಚಿಯನ್ನು ಸಂಜೆ ಹೊತ್ತು ಆ ಗೇಟಿನ ಬಳಿ ನಿಲ್ಲಿಸುತ್ತಾರೆ. ಒಣಗಿದ ತಲೆಯ ಮಕ್ಕಳು ಅವರಿಗೆ ಟಾಟಾ ಮಾಡಿ ಹೋಗುತ್ತವೆ.

ಹೊಸ ಟವೆಲ್ಲು ಕೊಳ್ಳಲು ಮಾತ್ರ ದೈವಾನೈ ಬಿಡಲಿಲ್ಲ, ಚಟ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅರ್ಧಗಳನ್ನೆಲ್ಲ ಮನೆಗೆ ಹೊತ್ತು ಹೋಗಿ, ಜೋಡಿ ಜೋಡಿಯಾಗಿ ಇಟ್ಟು, ನಡುವೆ ಮತ್ತೆ ಹೊಲಿಗೆ ಹಾಕಿದಳು. ಮದುವೆಯ ಕೆಲಸದ ನಡುವೆ ಮುತ್ತುಸೆಲ್ವಿ ದಾರ ಹಿಡಿದುಕೊಟ್ಟಳು. ಗಣೇಶನ್ ಈ ಬಾರಿ ಧೈರ್ಯವಾಗಿ ನಕ್ಕ. ಮುತ್ತುಸೆಲ್ವಿ ಚಿನ್ನಾಳಪಟ್ಟಿಯ ಸೊಸೆಯಾಗಿ ಹೋದ ಮೇಲೂ ಆ ಟವೆಲ್ಲುಗಳೇ ಮಂಟಪದಲ್ಲಿವೆ, ನಡುವೆ ದಪ್ಪ ಹೊಲಿಗೆ ಇರುವ ದೊಡ್ಡ ಬಿಳಿ ಟವೆಲ್ಲುಗಳು.

ಮೊನ್ನೆ ಕಂಬಂ ಕಡೆಯ ಹುಡುಗಿಯೊಬ್ಬಳು ಚಳಿಗೆ ಹಲ್ಲು ಕಡಿಯುತ್ತ ಬಂದು ಮುಂದೆ ನಿಂತು, ಟವೆಲ್ಲನ್ನು ಮುಟ್ಟಿ ನೋಡಿ, “ಏನಕ್ಕಾ, ನಡೂಲಿ ಒಲಿಗೆ?” ಎಂದು ಕೇಳಿದಳು.

“ಅರ್ದು ಬಿಟ್ಟಿದ್ದೆ ತಾಯಿ. ತಿರುಗ ಸೇರ್ಸಿದೀನಿ,” ಅಂದಳು ದೈವಾನೈ. “ತಲೆ ಬಗ್ಸು.”